ಮಗುವಿನ ಹಿಂದಿನ ನಂಬರು

2025ರ ನವೆಂಬರ್ 14, ಶುಕ್ರವಾರ, ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷ. ಕುವೈತಿನ ಖೈತಾನಿನ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ, ಊಟದ ಮೇಜಿನ ಮೇಲೆ ಫೋಟೋ ಫ್ರೇಮೊಂದನ್ನು ಬೋರಲು ಹಾಕಿಕೊಂಡು, ಕಾರ್ಮೆಲ್ ಅದರ ಹಿಂಬದಿಯ ಸಣ್ಣ ಮೊಳೆಗಳನ್ನು ಚಾಕುವಿನ ತುದಿಯಿಂದ ಎಬ್ಬಿಸುತ್ತಿದ್ದರು. ಮೂರು ಬಂದಿದ್ದವು. ನಾಲ್ಕನೆಯದು ಹಟ ಹಿಡಿದಿತ್ತು.

"ಗಾಜು ಒಡೀಬೇಡ," ಎಂದರು ಎದುರು ಕುಳಿತಿದ್ದ ಅಕ್ಕ ಡೆಲ್ಮಾ.

"ನಲವತ್ತು ವರ್ಷದಿಂದ ನನ್ನ ಹತ್ರ ಉಂಟು. ಒಡೀಲಿಕ್ಕಿದ್ರೆ ಯಾವಾಗ್ಲೋ ಒಡೀತಿತ್ತು."

"ನಿನ್ನ ಹತ್ರ ಇದ್ದ ಕೂಡ್ಲೆ ನಿಂದಾಗ್ತದಾ?"

"ಬಾಯ್, ಶುರು ಮಾಡ್ಬೇಡ. ಹುಡುಗ ಬಂದು ಕೂತಿದ್ದಾನೆ." ಅಕ್ಕನನ್ನು ಕಾರ್ಮೆಲ್ ಕೊಂಕಣಿಯಲ್ಲಿ ಬಾಯ್ ಎಂದೇ ಕರೆಯುತ್ತಿದ್ದರು.

ಹುಡುಗನೆಂದು ಕರೆಸಿಕೊಂಡ ಶೈಲೇಶನಿಗೆ ನಲವತ್ತೆರಡು ವರ್ಷ. ಅದೇ ಕಟ್ಟಡದ ಮೂರನೇ ಮಹಡಿಯಲ್ಲಿ ಹೆಂಡತಿ ಅಶ್ಮಿತಾಳೊಂದಿಗೆ ವಾಸ. ಮಂಗಳೂರಿನ ಕೊಣಾಜೆಯಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಬಂದವನಿಗೆ ಶುವೈಖಿನ ಒಂದು ತಪಾಸಣೆ ಕಂಪನಿಯಲ್ಲಿ ಕೆಲಸ. ಪೈಪುಗಳ ಬೆಸುಗೆಯ ಎಕ್ಸ್‌ರೇ ಫಿಲ್ಮುಗಳನ್ನು ಬೆಳಕಿನ ಪೆಟ್ಟಿಗೆಯ ಮೇಲಿಟ್ಟು, ಒಳಗೆ ಬಿರುಕಿದೆಯೇ, ಗಾಳಿಯ ಗುಳ್ಳೆ ಉಳಿದಿದೆಯೇ ಎಂದು ನೋಡಿ ಬರೆಯುವುದು. ದಿನವಿಡೀ ಬೂದು ಬಣ್ಣ ನೋಡಿ ಸಾಕಾಗುವುದರ ಬದಲು ಅದೇ ಚಟವಾಗಿಬಿಟ್ಟಿತ್ತು. ಬ್ರಿಟನ್ನಿನಲ್ಲಿ ತಯಾರಾದ ಉಗಿ ಇಂಜಿನ್ನುಗಳ ಹಳೆಯ ಫೋಟೋಗಳನ್ನು ಗುರುತಿಸಿ ದಾಖಲಿಸುವ ಒಂದು ಗುಂಪು ಇಂಗ್ಲೆಂಡಿನಲ್ಲಿತ್ತು. ಏಳು ವರ್ಷಗಳಿಂದ ಅವನು ಅದರ ಸದಸ್ಯ. ಯಾರದೋ ಅಟ್ಟದಲ್ಲಿ ಸಿಕ್ಕಿದ ಫೋಟೋಗಳ ಸ್ಕ್ಯಾನುಗಳು ಅವನಿಗೆ ಬರುತ್ತಿದ್ದವು. ಯಾವ ಕಾರ್ಖಾನೆ, ಯಾವ ನಂಬರು, ಎಲ್ಲಿ, ಯಾವಾಗ ಎಂದು ಅವನು ಬರೆಯಬೇಕು. ಬರೆದ ಪ್ರತಿಯೊಂದರ ಪಕ್ಕದಲ್ಲೂ ಮೂರರಲ್ಲಿ ಒಂದು ಮಾತು ಇರಲೇಬೇಕು: ಖಚಿತ, ಸಂಭವ, ಊಹೆ. 

ಈ ವಿಷಯ ಲಿಫ್ಟಿನಲ್ಲಿ ಒಮ್ಮೆ ಮಾತಿಗೆ ಬಂದಾಗ ಕೇಳಿಸಿಕೊಂಡವಳು ಕಾರ್ಮೆಲ್ ಅವರ ಮಗಳು ಸ್ಯಾಂಡ್ರಾ. ಅವಳೇ ಇವತ್ತು ಅವನನ್ನು ಎಳೆದುಕೊಂಡು ಬಂದಿದ್ದಳು.

"ಶೈಲೇಶ್, ಪ್ಲೀಸ್. ಈ ಜಗಳ ನಾನು ಹುಟ್ಟುವ ಮೊದ್ಲಿಂದ ಉಂಟು. ಡೆಲ್ಮಾ ಆಂಟಿ ಮುಂದಿನ ವಾರ ಶನಿವಾರ ಊರಿಗೆ ಹೋಗ್ತಾರೆ. ಅಷ್ಟರಲ್ಲಿ ಒಂದು ಖಲಾಸ್ ಆಗ್ಲಿ," ಎಂದು ಹೇಳಿ ಚಹಾ ಇಡಲು ಒಳಗೆ ಹೋದಳು.

ನಾಲ್ಕನೇ ಮೊಳೆ ಎದ್ದಿತು. ಶೈಲೇಶ್ ಕೈಗೆ ಹತ್ತಿಯ ಗವಸು ಹಾಕಿಕೊಂಡು ಫೋಟೋವನ್ನು ಅಂಚಿನಲ್ಲಿ ಹಿಡಿದೆತ್ತಿದ. ಅಂಗೈಗಿಂತ ಸ್ವಲ್ಪ ದೊಡ್ಡದು. ಒಂದು ಮೂಲೆ ಮಡಿಚಿಹೋಗಿತ್ತು. ಇಂಜಿನ್ನಿನ ಮುಂಭಾಗವನ್ನು ನೇರ ಎದುರಿನಿಂದ ತೆಗೆದಿದ್ದರು: ದುಂಡನೆಯ ಕಪ್ಪು ಬಾಗಿಲು, ಕೆಳಗೆ ಅಡ್ಡಲಾಗಿ ದಪ್ಪ ಉಕ್ಕಿನ ಪಟ್ಟಿ, ಪಟ್ಟಿಯ ಎರಡು ತುದಿಗಳಲ್ಲಿ ತಟ್ಟೆಯಂಥ ಬಫರುಗಳು. ಹಳಿಯ ಪಕ್ಕದಲ್ಲಿ ನಿಂತ ತೆಳ್ಳಗಿನ ಮನುಷ್ಯನೊಬ್ಬ ಕೈ ಚಾಚಿ, ಬಿಳಿ ಫ್ರಾಕಿನ ಮಗುವೊಂದನ್ನು ಆ ಪಟ್ಟಿಯ ಮೇಲೆ ನಿಲ್ಲಿಸಿ ಹಿಡಿದಿದ್ದ. ಅವನು ನಗುತ್ತಿರಲಿಲ್ಲ, ಮಗು ಬೀಳಬಾರದೆಂಬ ಒಂದೇ ಯೋಚನೆ ಮುಖದಲ್ಲಿತ್ತು.

"ನಮ್ಮ ಪಪ್ಪ," ಎಂದರು ಡೆಲ್ಮಾ. "ಫಾಯರ್‌ಮನ್ ಪಾಸ್ಕಲ್. ಇಂಜಿನ್ನಿಗೆ ಕಲ್ಲಿದ್ದಲು ಹಾಕುವ ಕೆಲ್ಸ. ಅವ್ರದ್ದು ಇದೊಂದೇ ಫೋಟೋ ಇರುದು. ಐವತ್ತಾರರಲ್ಲಿ ಕಾಮಾಲೆಯಲ್ಲಿ ಹೋದ್ರು. ನಂಗೆ ಐದು ವರ್ಷ. ಇವಳಿಗೆ ಎರಡು."

"ಮತ್ತೆ ಆ ಮಗು?"

"ನಾನು," ಎಂದರು ಇಬ್ಬರೂ.

ಮೊದಲು ನಕ್ಕವರು ಕಾರ್ಮೆಲ್. ಆದರೆ ನಗು ಬೇಗ ನಿಂತಿತು.

"ನೋಡು ಪುತಾ, ಆ ಫ್ರಾಕ್ ಉಂಟಲ್ಲ," ಡೆಲ್ಮಾ ಗಾಳಿಯಲ್ಲೇ ಬೆರಳಾಡಿಸಿದರು, ಮುಟ್ಟಲಿಲ್ಲ. "ಅದು ಬ್ಯಾಪ್ಟಿಸಮ್ಮಿನ ಫ್ರಾಕ್. ಅಂಚಿಗೆ ಕ್ರೋಶಾದಲ್ಲಿ ಸಣ್ಣ ಸಣ್ಣ ಶಿಲುಬೆ. ನಮ್ಮ ಅಮ್ಮ, ಮಾಯ್, ಸ್ವಂತ ಕೈಯಲ್ಲಿ ಹೆಣೆದದ್ದು. ನಾನು ಮೂವತ್ತೆರಡು ವರ್ಷ ಹೊಲಿಗೆ ಕಲಿಸಿದವಳು, ಮಾಯಿಯ ಕೈ ನಂಗೆ ಗೊತ್ತಾಗ್ಲಿಕ್ಕಿಲ್ವಾ? ದೊಡ್ಡವಳು ನಾನು. ಫ್ರಾಕ್ ನಂಗೆ ಹೆಣೆದದ್ದು."

"ನಿಂಗೆ ಹೆಣೆದದ್ದೇ ಇರ್ಬಹುದು. ನಂಗೂ ಅದನ್ನೇ ಹಾಕಿದ್ದು. ನಮ್ಮಲ್ಲಿ ಮನೆಗೆ ಒಂದೇ ಫ್ರಾಕ್ ಶೈಲೇಶ್, ಹುಟ್ಟಿದವರಿಗೆಲ್ಲ ಅದೇ. ಗಂಡಾದ್ರೂ ಹೆಣ್ಣಾದ್ರೂ. ಕಿವಿ ನೋಡು ನೀನು. ಎಡಗಿವಿ ಸ್ವಲ್ಪ ಹೊರಗೆ ಉಂಟಾ ಇಲ್ವಾ? ಈಗ ನಂದು ನೋಡು."

"ನಿನ್ನ ಕಿವಿ ಹೊರಗೆ ಬಂದದ್ದು ಆಸ್ಪತ್ರೆಯಲ್ಲಿ ಮಾಸ್ಕ್ ಕಟ್ಟಿ ಕಟ್ಟಿ."

"ನಾನು ಮಾಯ್‌ಗೆ ಕೇಳಿದ್ದೇನೆ. ಇದು ನಾನಾ ಅಂತ. ಹೌದು ಅಂದಿದ್ದಾರೆ."

"ನಂಗೂ ಹೌದು ಅಂದಿದ್ದಾರೆ."

ಸ್ಯಾಂಡ್ರಾ ಚಹಾದ ತಟ್ಟೆಯೊಂದಿಗೆ ಬಂದಳು. ಒಪ್ಪಂದವನ್ನು ಅವಳು ಮೊದಲೇ ಮಾಡಿಸಿದ್ದಳು: ಫೋಟೋದಲ್ಲಿರುವುದು ಯಾರೋ, ಮೂಲ ಪ್ರತಿ ಅವರಿಗೆ. ಇನ್ನೊಬ್ಬರಿಗೆ ಒಳ್ಳೆಯ ಕಾಪಿ. ಇಬ್ಬರೂ ತಲೆಯಾಡಿಸಿದ್ದರು, ಇಬ್ಬರಿಗೂ ಗೆಲ್ಲುವ ಖಾತ್ರಿಯಿತ್ತು.

"ತೊಂಬತ್ತರಲ್ಲಿ ಇರಾಕಿನವರು ಬಂದಾಗ ನಾವು ಬಸ್ಸಲ್ಲಿ ಜೋರ್ಡನಿಗೆ ಹೋದದ್ದು," ಎಂದರು ಕಾರ್ಮೆಲ್, ಶೈಲೇಶನ ಕಡೆಗೆ ತಿರುಗಿ, ಅಕ್ಕನಿಗೆ ಕೇಳಿಸುವಂತೆ. "ಚಿನ್ನ ಬಿಟ್ಟೆ. ಸರ್ಟಿಫಿಕೇಟ್ ಬಿಟ್ಟೆ. ಮರುಭೂಮಿಯಲ್ಲಿ ಟೆಂಟಿನೊಳಗೆ ಹನ್ನೊಂದು ದಿವ್ಸ ಇದು ನನ್ನ ಬ್ಲೌಸಿನೊಳಗೆ ಇತ್ತು. ಆ ಮೂಲೆ ಮಡಿಚಿದ್ದು ಆಗ. ಅಪ್ಪ ನನ್ನನ್ನು ಹಿಡ್ಕೊಂಡಿದ್ದಾರೆ, ನಾನು ಅವರನ್ನು ಬಿಡ್ಲಿಕ್ಕಿಲ್ಲ ಅಂತ."

ಡೆಲ್ಮಾ ಬಿಸ್ಕತ್ತನ್ನು ಚಹಾಕ್ಕೆ ಅದ್ದಿ, ಅದು ಮುರಿದು ಬೀಳುವವರೆಗೂ ಹಿಡಿದುಕೊಂಡಿದ್ದರು. ಆಮೇಲೆ ಕೇಳಿದರು:

"ಇಂಜಿನ್ ನೋಡಿ ಮಗು ಯಾರು ಅಂತ ಹೇಳ್ಲಿಕ್ಕೆ ಆಗ್ತದಾ?"

"ಮಗು ಯಾರು ಅಂತ ಆಗ್ಲಿಕ್ಕಿಲ್ಲ ಆಂಟಿ. ಫೋಟೋ ಯಾವಾಗಿನದ್ದು ಅಂತ ಸಿಕ್ಕಿದ್ರೆ ಸಿಕ್ಕೀತು. ನೀವು ಹುಟ್ಟಿದ್ದು ಐವತ್ತೊಂದು, ಕಾರ್ಮೆಲ್ ಆಂಟಿ ಐವತ್ತನಾಲ್ಕು. ನಡುವೆ ಮೂರು ವರ್ಷ ಉಂಟಲ್ಲ."

"ಮೂರು ವರ್ಷದಲ್ಲಿ ಇಂಜಿನ್ ಬದಲಾಗ್ತದಾ? ಕಬ್ಬಿಣ ಅಲ್ವಾ ಅದು?"

"ಮನುಷ್ಯರಿಗಿಂತ ಜಾಸ್ತಿ ಬದಲಾಗ್ತದೆ. ನಂಬರ್ ಗೊತ್ತಾದ್ರೆ ಅರ್ಧ ಕೆಲ್ಸ ಮುಗೀತು." ಅವನು ಭೂತಗನ್ನಡಿಯನ್ನು ಫೋಟೋದ ಮೇಲೆ ಹಿಡಿದ. ಅಡ್ಡಪಟ್ಟಿಯ ಮೇಲೆ ಎಡಗಡೆಯಲ್ಲಿ ರೈಲ್ವೆಯ ಹೆಸರಿನ ಮೂರು ಅಕ್ಷರಗಳು ಚೆನ್ನಾಗಿ ಕಾಣುತ್ತಿದ್ದವು. ಬಲಗಡೆಯಲ್ಲಿ ನಂಬರು ಇರಬೇಕಾಗಿತ್ತು. ಅದರ ಮುಂದೆ ಫ್ರಾಕಿನ ಅಂಚು ಇಳಿಬಿದ್ದಿತ್ತು. ಹೊರಗೆ ಉಳಿದದ್ದು ಕೊನೆಯ ಒಂದು ಅಂಕೆ, ಏಳು.

"ಎಂತಾಯ್ತು?" ಎಂದರು ಕಾರ್ಮೆಲ್.

"ನಿಮ್ಮಲ್ಲಿ ಯಾರೋ ಒಬ್ರು ನಂಬರಿನ ಮುಂದೆ ನಿಂತಿದ್ದೀರಿ."

"ಅದು ಇವಳೇ," ಎಂದರು ಡೆಲ್ಮಾ. "ಎಲ್ಲದಕ್ಕೂ ಅಡ್ಡ."

ಅಂದು ಸಂಜೆಯೇ ಅವನು ಫೋಟೋವನ್ನು ತನ್ನ ಮನೆಯ ಸ್ಕ್ಯಾನರಿನಲ್ಲಿ ಅದರ ಶಕ್ತಿ ಇರುವಷ್ಟೂ ದೊಡ್ಡದಾಗಿ ಸ್ಕ್ಯಾನ್ ಮಾಡಿ, ಮೂಲವನ್ನು ಕೂಡಲೇ ಕೆಳಗೆ ಹಿಂತಿರುಗಿಸಿದ. ಅದು ತನ್ನ ಮನೆಯಲ್ಲಿ ರಾತ್ರಿ ಉಳಿಯುವುದು ಅವನಿಗೆ ಬೇಡವಾಗಿತ್ತು.

ಗುಂಪಿನಲ್ಲಿ ಕಲಿತ ಕ್ರಮವನ್ನೇ ಅನುಸರಿಸಿದ. ಮೊದಲು ಕಾರ್ಖಾನೆ. ಬಾಗಿಲಿನ ಕೀಲುಗಳ ಅಂತರ, ಚಿಮಣಿಯ ಅಂಚು, ಬಫರಿನ ಆಕಾರ, ಇವೆಲ್ಲ ಗ್ಲಾಸ್ಗೋದ ಕಡೆಗೆ ಬೆರಳು ತೋರಿಸಿದವು. ಆ ನಮೂನೆಯ ಇಂಜಿನ್ನುಗಳು ಆ ರೈಲ್ವೆಗೆ ಎರಡು ಕಂತಿನಲ್ಲಿ ಬಂದಿದ್ದವು. ಏಳರಲ್ಲಿ ಮುಗಿಯುವ ನಂಬರು ಪ್ರತಿ ಕಂತಿನಲ್ಲಿ ಒಂದೊಂದು. ಅಂದರೆ ಇಡೀ ಲೋಕದಲ್ಲಿ ಈ ಮಗು ನಿಂತಿರಬಹುದಾದ ಇಂಜಿನ್ನುಗಳು ಎರಡೇ. ಶನಿವಾರ ಬೆಳಿಗ್ಗೆ ಅವನು ಎರಡರ ಫೋಟೋಗಳನ್ನೂ ಕೇಳಿ ಗುಂಪಿಗೆ ಬರೆದ.

ಸೋಮವಾರ ಉತ್ತರ ಬಂತು. ಕಳಿಸಿದವರು ಗುಂಪಿನ ಹಿರಿಯ, ಯಾರ್ಕ್‌ಷೈರಿನ ನಿವೃತ್ತ ರಸಾಯನಶಾಸ್ತ್ರ ಮೇಷ್ಟ್ರು. ಎರಡರಲ್ಲಿ ಒಂದು ಇಂಜಿನ್ನಿನ ಮುಂಭಾಗದ ಎರಡು ಚಿತ್ರಗಳಿದ್ದವು. 1947ರ ಡಿಸೆಂಬರಿನದು ಒಂದು, 1950ರ ಜನವರಿಯದು ಒಂದು. ಇನ್ನೊಂದು ಇಂಜಿನ್ನಿನದು ಒಂದೇ. ಬೇರೇನೂ ಇಲ್ಲ ಎಂದು ಮೇಷ್ಟ್ರು ಕ್ಷಮೆ ಕೇಳಿದ್ದರು.

ಮರುದಿನ ಶುವೈಖಿನಲ್ಲಿ ಮಧ್ಯಾಹ್ನದ ಊಟದ ಬಿಡುವಿಗೆ, ಫಿಲ್ಮು ನೋಡುವ ಕತ್ತಲೆ ಕೋಣೆಯಲ್ಲೇ ಲ್ಯಾಪ್‌ಟಾಪ್ ತೆರೆದು, ಅವನು ಚಿತ್ರಗಳನ್ನು ಅಕ್ಕಪಕ್ಕದಲ್ಲಿ ಇಟ್ಟ. ಉಕ್ಕಿನ ಪಟ್ಟಿಯ ಮೇಲಂಚಿನಲ್ಲಿ ದುಂಡು ತಲೆಯ ರಿವೆಟ್ಟು ಮೊಳೆಗಳ ಸಾಲು. ಅಕ್ಕತಂಗಿಯರ ಫೋಟೋದಲ್ಲಿ, ಎಡದಿಂದ ಐದನೇ ರಿವೆಟ್ಟಿಗೆ ತಲೆ ಇರಲಿಲ್ಲ. 1947ರ ಚಿತ್ರದಲ್ಲೂ ಇರಲಿಲ್ಲ. 1950ರದರಲ್ಲೂ ಇರಲಿಲ್ಲ. ಇನ್ನೊಂದು ಇಂಜಿನ್ನಿನಲ್ಲಿ ಎಲ್ಲ ರಿವೆಟ್ಟುಗಳೂ ನೆಟ್ಟಗಿದ್ದವು. ಮಗು ಮರೆಮಾಡಿದ ಅಂಕೆಗಳು ಸಿಕ್ಕಿದವು. ಒಂದು, ಮೂರು. ನೂರ ಮೂವತ್ತೇಳು. ಅವನಿಗೆ ಎದ್ದು ಯಾರಿಗಾದರೂ ಹೇಳಬೇಕೆನಿಸಿತು. ಕೋಣೆಯಲ್ಲಿ ಯಾರೂ ಇರಲಿಲ್ಲ. ಡಬ್ಬಿಯಲ್ಲಿದ್ದ ನೀರುದೋಸೆ ತಿಂದ.

ತಿನ್ನುತ್ತಲೇ ಬಲ ಬಫರಿನ ಕೆಳಗೆ ನೋಡಿದ. 1950ರ ಚಿತ್ರದಲ್ಲಿ ಅಲ್ಲಿ ಅಂಗೈಯಗಲದ ಒಂದು ತೇಪೆ. ಎಲ್ಲೋ ಗುದ್ದಿ ಸೀಳಿದ ಪಟ್ಟಿಗೆ ಉಕ್ಕಿನ ತುಂಡು ಇಟ್ಟು ಬೆಸುಗೆ ಹಾಕಿದ್ದರು. ಬೆಸುಗೆಯ ಅಂಚು ಮೀನಿನ ಪೊರೆಯ ಹಾಗೆ ಒಂದರ ಮೇಲೊಂದು. ಅದನ್ನು ಗುರುತಿಸಲು ಅವನಿಗೆ ಭೂತಗನ್ನಡಿ ಬೇಕಿರಲಿಲ್ಲ. 1947ರ ಚಿತ್ರದಲ್ಲಿ ತೇಪೆ ಇಲ್ಲ. ಅಕ್ಕತಂಗಿಯರ ಫೋಟೋದಲ್ಲಿ, ಅದೇ ಜಾಗದಲ್ಲಿ, ನುಣುಪಾದ ಬಣ್ಣ.

ಅವನು ಕೈಯಲ್ಲಿದ್ದ ದೋಸೆಯ ತುಂಡನ್ನು ಕೆಳಗಿಟ್ಟ.

ತೇಪೆ ತಾನಾಗಿ ಮಾಯವಾಗುವುದಿಲ್ಲ. ಪಟ್ಟಿಯನ್ನೇ ಬದಲಿಸಿ ಹೊಸದು ಹಾಕಿರಬಹುದೇ? ಹಾಕಿದ್ದರೆ ಐದನೇ ರಿವೆಟ್ಟಿಗೆ ತಲೆ ಬರಬೇಕಿತ್ತು. ಅದೇ ಪಟ್ಟಿ. 1950ರ ಜನವರಿಗೆ ಮೊದಲು ತೆಗೆದ ಫೋಟೋ. ಡೆಲ್ಮಾ ಹುಟ್ಟಲು ಇನ್ನೂ ಒಂದೂವರೆ ವರ್ಷ ಇತ್ತು.

1950ರ ಚಿತ್ರದ ಮೇಲಿನ ತಾರೀಕು ಪೆನ್ಸಿಲಿನದು, ತಪ್ಪಿರಬಹುದು. ತಪ್ಪಿರಲಿ ಎಂದು ತಾನು ಬಯಸುತ್ತಿದ್ದೇನೆ ಎಂಬುದು ಮೇಷ್ಟ್ರಿಗೆ ಮತ್ತೆ ಬರೆಯುವಾಗ ಅವನಿಗೇ ತಿಳಿಯಿತು. ಬುಧವಾರ ಉತ್ತರ. ಮೇಷ್ಟ್ರು ಆ ಫೋಟೋದ ಮೂಲ ಫಿಲ್ಮನ್ನೇ ಹುಡುಕಿ ತೆಗೆದಿದ್ದರು. ಆ ಫಿಲ್ಮಿನ ಸುರುಳಿಯಲ್ಲಿ, ತೇಪೆಯ ಇಂಜಿನ್ನಿನ ನಂತರದ ಮೂರನೇ ಚಿತ್ರದಲ್ಲಿ, ಅದೇ ಸ್ಟೇಷನ್ನು, ಮಾವಿನ ತೋರಣ, ಬಾವುಟಗಳು, ಗಣರಾಜ್ಯಕ್ಕೆ ಸ್ವಾಗತ ಕೋರುವ ಬಟ್ಟೆಯ ಕಮಾನು. ಮೊದಲ ಗಣರಾಜ್ಯದ ದಿನ ಒಂದೇ ಸಲ ಬಂದದ್ದು. ಮೇಷ್ಟ್ರು ಉತ್ಸಾಹದಲ್ಲಿ ಎರಡು ಆಶ್ಚರ್ಯಸೂಚಕ ಚಿಹ್ನೆ ಹಾಕಿದ್ದರು. ನೂರ ಮೂವತ್ತೇಳರ ಅಪರೂಪದ ಚಿತ್ರ, ಬೇಗ ದಾಖಲಿಸು ಎಂದಿದ್ದರು.

ಆ ಸಂಜೆ ಅವನು ಅಶ್ಮಿತಾಳಿಗೆ ಹೇಳಿದ. ಅವಳು ಬಟಾಣಿ ಸುಲಿಯುತ್ತಿದ್ದಳು.

"ಇಬ್ರೂ ಅಲ್ವಾ?"

"ಇಬ್ರೂ ಅಲ್ಲ."

"ಹಾಗಾದ್ರೆ ಗೊತ್ತಾಗ್ಲಿಲ್ಲ ಹೇಳಿ ಬಿಡಿ. ಎಪ್ಪತ್ತು ವರ್ಷ ಕಚ್ಚಾಡಿದ್ದಾರೆ. ಇನ್ನೊಂದು ಹತ್ತು ವರ್ಷ ಕಚ್ಚಾಡ್ಲಿ. ಅದ್ರಲ್ಲಿ ಅವ್ರಿಗೂ ಒಂದು ಸುಖ ಉಂಟು."

"ಗೊತ್ತಾಗಿದೆಯಲ್ಲ."

"ನಿಮ್ಮ ಪೈಪಿನ ಫಿಲ್ಮಲ್ಲ ಇದು. ಬಿರುಕು ಬಿಟ್ಟಿದೆ ಅಂತ ಬರೆದ್ರೆ ಕಂಪನಿಯವ್ರು ಬೇರೆ ಪೈಪ್ ಹಾಕ್ತಾರೆ. ಇವ್ರು ಎಲ್ಲಿಂದ ತರ್ಬೇಕು ಬೇರೆ ಅಪ್ಪನನ್ನು?" ಬಟಾಣಿಯೊಂದು ಹಾರಿ ಸೋಫಾದ ಕೆಳಗೆ ಹೋಯಿತು. "ಹೆಕ್ಕಿ ಕೊಡಿ."

ಹೆಕ್ಕಿ ಕೊಟ್ಟ. ಅವಳು ಹೇಳಿದ್ದು ತಪ್ಪೆಂದು ಅವನಿಗೆ ಅನ್ನಿಸಲಿಲ್ಲ. ಆದರೆ ತಾನು ಹೋಗಿ ಗೊತ್ತಾಗಲಿಲ್ಲ ಎಂದು ಸುಳ್ಳು ಹೇಳಿದರೆ ಫೋಟೋ ಕಾರ್ಮೆಲ್ ಹತ್ತಿರವೇ ಉಳಿದು, ಡೆಲ್ಮಾ ಬರಿಗೈಯಲ್ಲಿ ವಿಮಾನ ಹತ್ತಬೇಕಾಗುತ್ತದೆ. ಅದೂ ಇಬ್ಬರಿಗೂ ಇಲ್ಲದ ಹಕ್ಕಿನ ಮೇಲೆ.

ಗುರುವಾರ ಸಂಜೆ ಆರಕ್ಕೆ ಅವನು ಕೆಳಗಿಳಿದ. ಹಜಾರದಲ್ಲಿ ಡೆಲ್ಮಾರ ಸೂಟ್‌ಕೇಸ್ ಬಾಯಿ ತೆರೆದು ಬಿದ್ದಿತ್ತು. ಹಾಲಿನ ಪುಡಿಯ ಡಬ್ಬಿಗಳು, ಪಿಸ್ತಾ, ಹೊದಿಕೆ. ಸ್ಯಾಂಡ್ರಾ ಇನ್ನೂ ಆಫೀಸಿನಿಂದ ಬಂದಿರಲಿಲ್ಲ. ಅವಳು ಬರುವವರೆಗೆ ಕಾಯೋಣವೇ ಎಂದು ಕೇಳಿದ.

"ಅವಳು ಎಂತಕ್ಕೆ? ಅವಳ ಅಪ್ಪನಾ?" ಎಂದರು ಕಾರ್ಮೆಲ್. "ಕೂತ್ಕೋ. ಹೇಳು."

ಅವನು ನೇರವಾಗಿ ಹೇಳಲಿಲ್ಲ. ಲ್ಯಾಪ್‌ಟಾಪ್ ತಿರುಗಿಸಿ ಮೂರು ಚಿತ್ರಗಳನ್ನು ಸಾಲಾಗಿ ತೋರಿಸಿದ. ತಲೆಯಿಲ್ಲದ ರಿವೆಟ್ಟು ತೋರಿಸಿದ. ಕೊನೆಯ ಚಿತ್ರದ ಬಲ ಬಫರಿನ ಕೆಳಗೆ ಬೆರಳಿಟ್ಟ. ಡೆಲ್ಮಾ ಕನ್ನಡಕವನ್ನು ಹಣೆಗೇರಿಸಿ ಮುಖವನ್ನು ಪರದೆಯ ಹತ್ತಿರ ತಂದರು.

"ತೇಪೆ ಹಾಕಿದ್ದಾರೆ," ಎಂದರು. "ಒಳ್ಳೆ ಹಾಕಿದ್ದಾರೆ. ಇದು ಯಾವಾಗಿನದ್ದು?"

"ಐವತ್ತನೇ ಇಸವಿ ಜನವರಿ. ಇಂಗ್ಲೆಂಡಿನ ಮೇಷ್ಟ್ರು ಮೂಲ ಫಿಲ್ಮ್ ನೋಡಿ ಹೇಳಿದ್ದು. ಖಚಿತ."

ಡೆಲ್ಮಾ ನಡುವಿನ ಚಿತ್ರಕ್ಕೆ, ತಮ್ಮ ಅಪ್ಪನ ಕಡೆಗೆ, ಹಿಂತಿರುಗಿದರು. ಬಲ ಬಫರಿನ ಕೆಳಗೆ ನೋಡಿದರು. ಮತ್ತೆ ಕೊನೆಯದನ್ನು ನೋಡಿದರು. ಹೊಲಿಗೆ ಕಲಿಸಿದವರಿಗೆ ಮುಂದಿನದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ತೇಪೆ ಬಿದ್ದ ಬಟ್ಟೆ ಮತ್ತೆ ಹೊಸತಾಗ್ಲಿಕ್ಕಿಲ್ಲ," ಎಂದರು ನಿಧಾನವಾಗಿ. "ನಾನು ಹುಟ್ಟಿದ್ದು ಐವತ್ತೊಂದು ಆಗಸ್ಟ್."

"ಹಾಗಾದ್ರೆ ನಾನೇ," ಎಂದು ಕಾರ್ಮೆಲ್ ತೊಡಗಿದವರು ನಿಂತರು. ಬೆರಳು ಮಡಿಚಿ ಲೆಕ್ಕ ಹಾಕಿದರು. ಮುಖ ಕೆಂಪಾಯಿತು. "ಸುಳ್ಳು. ಎಂತ ಇದು? ನಿನ್ನ ಇಂಜಿನ್ ಸುಳ್ಳು ಹೇಳ್ತದೆ. ಯಾರೋ ಇಂಗ್ಲಿಷಿನವ ಹೇಳಿದ ಅಂತ ನಮ್ಮ ಮನೆ ವಿಷ್ಯ ಅವನಿಗೆ ಗೊತ್ತುಂಟಾ?"

"ಇಲ್ಲ ಆಂಟಿ. ಅವ್ರು ಇಂಜಿನ್ ಬಗ್ಗೆ ಮಾತ್ರ ಹೇಳಿದ್ದು."

"ಹಾಗಾದ್ರೆ ಅದು ಬೇರೆ ಯಾರದ್ದೋ ಮಗು. ಶೆಡ್ಡಿನಲ್ಲಿ ಯಾರದ್ದೋ. ಪಪ್ಪ ಸುಮ್ನೆ ಎತ್ತಿ ಹಿಡ್ಕೊಂಡದ್ದು."

"ಫ್ರಾಕ್?" ಎಂದರು ಡೆಲ್ಮಾ.

ಅಡುಗೆಮನೆಯಲ್ಲಿ ಫ್ರಿಜ್ಜು ಒಮ್ಮೆ ನಡುಗಿ ನಿಂತಿತು. ಅಕ್ಕತಂಗಿಯರು ಆಮೇಲೆ ಕೊಂಕಣಿಯಲ್ಲಿ ಏನೋ ಹೇಳಿಕೊಂಡರು. ಸಣ್ಣ ಸಣ್ಣ ಮಾತು, ನಡುವೆ ದೊಡ್ಡ ಅಂತರ. ಶೈಲೇಶ್ ಎದ್ದು ಹೋಗಲೇ ಎಂದು ಯೋಚಿಸಿದ. ಅಷ್ಟರಲ್ಲಿ ಡೆಲ್ಮಾ ಅವನ ಕಡೆಗೆ ತಿರುಗಿದರು. ಕಣ್ಣು ಒದ್ದೆಯಾಗಿರಲಿಲ್ಲ. ತರಗತಿಯಲ್ಲಿ ಲೆಕ್ಕ ಬಿಡಿಸುವವರ ಹಾಗೆ ಬೆರಳು ಎತ್ತಿದ್ದರು.

"ಮಾಯ್ ಪಪ್ಪನ ಮದುವೆ ನಲವತ್ತೇಳು ಮೇ ತಿಂಗಳು. ನಾನು ಐವತ್ತೊಂದು. ನಾಲ್ಕು ವರ್ಷ ಮಕ್ಕಳಾಗ್ಲಿಲ್ಲ ಅಂತ ನಾನು ತಿಳ್ಕೊಂಡದ್ದು. ಆಯ್ತಲ್ಲ? ಈಗ ಕೇಳು. ಚರ್ಚಿನಲ್ಲಿ ನನ್ನ ಹೆಸ್ರು ನಾತಾಲಿಯಾ. ಪಪ್ಪನ ತಾಯಿಯ ಹೆಸ್ರು. ನಮ್ಮಲ್ಲಿ ಮೊದ್ಲ ಹೆಣ್ಣಿಗೆ ಅಪ್ಪನ ತಾಯಿಯ ಹೆಸ್ರು ಇಡುದು. ಎರಡನೇದಕ್ಕೆ ಅಮ್ಮನ ತಾಯಿಯದ್ದು. ಅದು ಇವಳಿಗೆ ಬಂತು. ಹಾಗಾದ್ರೆ ನಾನು ಮೊದ್ಲ ಹೆಣ್ಣು. ನನ್ನ ಮುಂಚೆ ಬಂದದ್ದು ಹೆಣ್ಣಲ್ಲ."

"ಗಂಡು," ಎಂದ ಶೈಲೇಶ್.

"ಗಂಡು. ಮೊದ್ಲ ಗಂಡಿಗೆ ಅಪ್ಪನ ತಂದೆಯ ಹೆಸ್ರು."

"ಸಾಲ್ವದೋರ್," ಎಂದರು ಕಾರ್ಮೆಲ್, ಬಹಳ ಮೆಲ್ಲಗೆ.

ಶೈಲೇಶನನ್ನು ಏಳು ವರ್ಷಗಳ ಅಭ್ಯಾಸ ಬಿಡಲಿಲ್ಲ. "ಆಂಟಿ, ಅದು ಕ್ರಮದಿಂದ ಹೇಳುದು. ಕ್ರಮ ಕೆಲವ್ರು ಬಿಡ್ತಾರೆ. ಬೇರೆ ಏನಾದ್ರೂ ಆಧಾರ..."

"ಉಂಟು," ಎಂದರು ಡೆಲ್ಮಾ. ಈಗ ಅವರ ದನಿ ತಗ್ಗಿತು. "ಚಿಕ್ಕಪ್ಪನಿಗೆ ಮೊದ್ಲ ಮಗ ಹುಟ್ಟಿದಾಗ ನಂಗೆ ಎಂಟು ವರ್ಷ. ಬ್ಯಾಪ್ಟಿಸಮ್ಮಿನ ದಿವ್ಸ ಅಜ್ಜನ ಹೆಸ್ರೇ ಇಡುದು ಅಂತ ಚಿಕ್ಕಪ್ಪ ಹೇಳಿದ್ರು. ಅಜ್ಜಿ ಹಟ ಮಾಡಿದ್ರು. ಆ ಹೆಸ್ರು ಈ ಮನೇಲಿ ಇನ್ನು ಬೇಡ ಅಂತ. ಆಗಸ್ಟಿನ್ ಅಂತ ಇಟ್ರು. ಸ್ವಂತ ಗಂಡನ ಹೆಸ್ರು ಯಾರಾದ್ರೂ ಬೇಡ ಅಂತಾರಾ? ನಾನು ಅಜ್ಜಿಗೆ ಅಜ್ಜನ ಮೇಲೆ ಸಿಟ್ಟು ಅಂತ ತಿಳ್ಕೊಂಡಿದ್ದೆ. ಮಾಯ್ ಆವತ್ತು ಊಟಕ್ಕೆ ಕೂರ್ಲಿಲ್ಲ. ಬಾವಿಕಟ್ಟೆಯಲ್ಲಿ ಪಾತ್ರೆ ತಿಕ್ಕುತ್ತಾ ಇದ್ರು. ಅಷ್ಟು ಜನ ಇದ್ರೂ."

ಕಾರ್ಮೆಲ್ ಮೇಜಿನ ಮೇಲಿದ್ದ ಮೂಲ ಫೋಟೋವನ್ನು ತಮ್ಮ ಕಡೆಗೆ ಎಳೆದುಕೊಂಡರು. ನಲವತ್ತು ವರ್ಷ ನೋಡಿದ್ದನ್ನು ಹೊಸದಾಗಿ ನೋಡಿದರು. ಅವರ ಹೆಬ್ಬೆರಳು ಅಭ್ಯಾಸದಿಂದ ಮಗುವಿನ ಎಡಗಿವಿಯ ಹತ್ತಿರ ಹೋಗಿ ಅಲ್ಲಿಂದ ಹಿಂದೆ ಬಂತು.

"ಪುಸ್ತಕದಲ್ಲಿ ಬರೀತೀಯಲ್ಲ ನೀನು, ನಿನ್ನ ಇಂಗ್ಲಿಷಿನವರಿಗೆ," ಎಂದರು. "ಎಂತ ಬರೀತೀ?"

"ಇಂಜಿನ್ ನಂಬರ್ ನೂರ ಮೂವತ್ತೇಳು, ಖಚಿತ. 1947 ಡಿಸೆಂಬರ್‌ನಿಂದ 1950 ಜನವರಿ ನಡುವೆ. ನಲವತ್ತೇಳರ ಚಿತ್ರದಲ್ಲಿ ದೀಪ ತೂಗುಹಾಕುವ ಕೊಕ್ಕೆ ನೆಟ್ಟಗುಂಟು, ಇದ್ರಲ್ಲಿ ಬಾಗಿದೆ, ಹಾಗಾಗಿ ಅದರ ನಂತರ, ಅದು ಸಂಭವ. ತೇಪೆಯ ಮೊದ್ಲು, ಅದು ಖಚಿತ."

"ಮತ್ತೆ?"

"ಹಳಿಯ ಪಕ್ಕದಲ್ಲಿ ಫಾಯರ್‌ಮನ್ ಪಾಸ್ಕಲ್. ಖಚಿತ."

"ಮತ್ತೆ?"

ಶೈಲೇಶ್ ಡೆಲ್ಮಾರ ಮುಖ ನೋಡಿದ. ಡೆಲ್ಮಾ ತಂಗಿಯ ಮುಖ ನೋಡುತ್ತಿದ್ದರು.

"ಮಗ ಸಾಲ್ವದೋರ್," ಎಂದ. "ಸಂಭವ."

"ಸಂಭವ ಅಂದ್ರೆ ಸಾಕು," ಎಂದರು ಕಾರ್ಮೆಲ್. "ಬರಿ."

ಅವನು ಟೈಪು ಮಾಡಿದ. ಆ ನಮೂನೆಯಲ್ಲಿ ಜನರ ಹೆಸರಿಗೆ ಜಾಗವಿರಲಿಲ್ಲ. ‘ಇತರ ವಿವರ’ ಎಂಬಲ್ಲಿ ಸೇರಿಸಬೇಕಾಯಿತು. ಕಾರ್ಮೆಲ್ ಅಷ್ಟರಲ್ಲಿ ಫೋಟೋವನ್ನು ಒಂದು ಬಿಳಿ ಕರ್ಚೀಫಿನಲ್ಲಿ ಸುತ್ತಿ ಅಕ್ಕನ ಮುಂದೆ ತಳ್ಳಿದರು.

"ನಂಗೆ ಎಂತಕ್ಕೆ?" ಡೆಲ್ಮಾ ಕೈ ಹಿಂದಕ್ಕೆ ಎಳೆದುಕೊಂಡರು. "ನಾನಲ್ಲ ಅಂತ ಆಯ್ತಲ್ಲ."

"ನಾನೂ ಅಲ್ಲ. ಅವ್ನು ಊರಲ್ಲಿ ಎಲ್ಲೋ ಮಣ್ಣಲ್ಲಿ ಇರುದು. ಇಲ್ಲಿ ಈ ಮರುಭೂಮಿಯ ಹೊಯಿಗೆಯಲ್ಲಿ ಅವನಿಗೆ ಯಾರುಂಟು? ತಕೊಂಡು ಹೋಗು. ಅವನ ಹೆಸ್ರಲ್ಲಿ ಒಂದು ಪೂಜೆ ಹೇಳಿಸು. ಹೆಸ್ರು ಜೋರಾಗಿ ಓದ್ಲಿಕ್ಕೆ ಹೇಳು ಪಾದ್ರಿಯವರಿಗೆ. ಮೈಕಲ್ಲಿ."

"ನೀನು ಬಿಡ್ತೀಯಾ?"

"ಬಾಯ್, ನನ್ನ ಮನಸ್ಸು ಬದಲಾಗುವ ಮುಂಚೆ ಪೆಟ್ಟಿಗೆಗೆ ಹಾಕು. ಬಟ್ಟೆಯ ನಡುವೆ ಹಾಕು. ಹಾಲಿನ ಡಬ್ಬಿಯ ಕೆಳಗೆ ಹಾಕ್ಬೇಡ, ಪೆದ್ದಿ."

ಡೆಲ್ಮಾ ಕರ್ಚೀಫನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಎದ್ದರು. ಪೆಟ್ಟಿಗೆಯವರೆಗೆ ಹೋಗಿ ಅಲ್ಲೇ ನಿಂತರು, ಬಗ್ಗಲಿಲ್ಲ.

"ಎಷ್ಟು ತಿಂಗಳು ಇರ್ಬಹುದು ಅವನಿಗೆ?" ಎಂದು ಬೆನ್ನು ತಿರುಗಿಸಿಕೊಂಡೇ ಕೇಳಿದರು.

"ಮುಖ ನೋಡಿ ಹೇಳ್ಲಿಕ್ಕಾಗುದಿಲ್ಲ, ಬಿಸಿಲಿಗೆ ಮುಖ ಸೊಟ್ಟ ಮಾಡಿದ್ದಾನೆ," ಎಂದರು ಕಾರ್ಮೆಲ್. ಇಪ್ಪತ್ತೆಂಟು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದವರು ಕುರ್ಚಿಯನ್ನು ಲ್ಯಾಪ್‌ಟಾಪಿನ ಹತ್ತಿರಕ್ಕೆ ಎಳೆದರು. "ಶೈಲೇಶ್, ನಿಂಗೆ ಅಳತೆ ತೆಗೀಲಿಕ್ಕೆ ಆಗ್ತದಾ ಇದ್ರಲ್ಲಿ? ಉದ್ದ ಹೇಳು. ಉದ್ದ ಗೊತ್ತಾದ್ರೆ ತಿಂಗಳು ನಾನು ಹೇಳ್ತೇನೆ."

ಅವನು ಚಿತ್ರವನ್ನು ದೊಡ್ಡದು ಮಾಡಿದ. ಬಿಳಿ ಫ್ರಾಕಿನ ಹೊಳಪನ್ನು ತಗ್ಗಿಸಿ, ನೆರಳನ್ನು ಎತ್ತಿದ. ಇಡೀ ವಾರ ಇಂಜಿನ್ನನ್ನು ನೋಡಿದ್ದವನು ಆ ಜಾಗವನ್ನು ಒಮ್ಮೆಯೂ ತೆರೆದು ನೋಡಿರಲಿಲ್ಲ. ಕ್ರೋಶಾದ ಅಂಚು ಒಂದು ಕಡೆ ಸರಿದಿತ್ತು. ಅದರ ಸಂದಿಯಿಂದ, ಕಪ್ಪು ಉಕ್ಕಿನ ಮೇಲೆ, ಒಂದು ಪಾದ ಮತ್ತು ಐದು ಬೆರಳುಗಳು ಬಂದವು. ಹೆಬ್ಬೆರಳು ಮೇಲೆದ್ದಿತ್ತು. ಉಕ್ಕು ಬಿಸಿಯಾಗಿತ್ತೋ ಏನೋ.

ಕಾರ್ಮೆಲ್ ಉಸಿರು ಹಿಡಿದರು. ಡೆಲ್ಮಾ ಪೆಟ್ಟಿಗೆ ಬಿಟ್ಟು ಬಂದು ತಂಗಿಯ ಕುರ್ಚಿಯ ಹಿಂದೆ ನಿಂತರು.

ಆ ಅಗಲದ ಹಳಿಯ ಎಲ್ಲ ಇಂಜಿನ್ನುಗಳಲ್ಲೂ ಎರಡು ಬಫರುಗಳ ನಡುಬಿಂದುಗಳ ಅಂತರ ಒಂದೇ, ಆರಡಿ ಐದಿಂಚು. ಶೈಲೇಶ್ ಎಡ ಬಫರಿನ ನಡುವಿನಿಂದ ಬಲ ಬಫರಿನ ನಡುವಿಗೆ ಒಂದು ಗೆರೆ ಎಳೆದು ಅದರ ಉದ್ದ ಬರೆದುಕೊಂಡ. ಆಮೇಲೆ ಆ ಹಿಮ್ಮಡಿಯಿಂದ ನೆತ್ತಿಯವರೆಗೆ ಇನ್ನೊಂದು. ತಂದೆಯ ಕೈ ಅಡ್ಡ ಬಂದಲ್ಲಿ ಗೆರೆ ಆ ಬೆರಳುಗಳ ಮೇಲೆಯೇ ಹಾದುಹೋಯಿತು. ಎರಡು ಸಲ ಅಳೆದ. ಎರಡು ಸಲವೂ ಒಂದೇ ಬಂತು. ಪಕ್ಕದಲ್ಲಿ ಕಾರ್ಮೆಲ್ ಕೂಸನ್ನು ಮಲಗಿಸಿಕೊಂಡವರ ಹಾಗೆ ಎರಡು ಅಂಗೈಗಳನ್ನು ಮೇಜಿನ ಮೇಲೆ ಎದುರುಬದುರಾಗಿ ನಿಲ್ಲಿಸಿ, ನಡುವೆ ಎಷ್ಟು ಜಾಗ ಬಿಡಬೇಕೆಂದು ಕಾಯುತ್ತಿದ್ದರು.

"ಅರವತ್ತನಾಲ್ಕು ಸೆಂಟಿಮೀಟರ್," ಎಂದ ಶೈಲೇಶ್. ಕಾರ್ಮೆಲ್ ಅಂಗೈಗಳ ನಡುವೆ ಅಷ್ಟು ಜಾಗ ಬಿಟ್ಟು, "ಐದು ತಿಂಗಳು," ಎಂದರು.